ಪದ ಪರಿಚಯ: ವಾಟರ್ ಇಂಜೆಕ್ಷನ್

ಗ್ಯಾಸ್ ಟರ್ಬೈನ್ ಪಾಠ ಶುರುವಾದಾಗಲೆಲ್ಲ ಕಲಬುರಗಿಯ ನನ್ನ ಡಿಪ್ಲೊಮಾ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆ ಇದು: "ಬೆಂಕಿಗಿ ನೀರ ಹಾಕಿದ್ರ ಆರಂಗಿಲ್ಲೇನ್ರಿ ಸರ್?" ಪ್ರಶ್ನೆ ನ್ಯಾಯವಾದದ್ದೇ. ಉರಿಯುತ್ತಿರುವ ಯಂತ್ರದೊಳಗೆ ನೀರು ಬಿಟ್ಟರೆ ಅದರ ಶಕ್ತಿ ಹೆಚ್ಚುತ್ತದೆ ಎಂಬ ಮಾತು ಮೊದಲ ಕೇಳಿಕೆಗೆ ನಂಬುವಂತಿಲ್ಲ. 'ವಾಟರ್ ಇಂಜೆಕ್ಷನ್' ಎಂಬುದನ್ನು ಕೆಲವರು 'ನೀರು ಚುಚ್ಚುವುದು' ಎಂದು ಕನ್ನಡಿಸುತ್ತಾರೆ. ಅದರಿಂದ ಗೊಂದಲ ಕಡಿಮೆಯಾಗುವುದಿಲ್ಲ. ಇಲ್ಲಿ ಚುಚ್ಚುವ ಕೆಲಸವೇನೂ ಇಲ್ಲ. ನೀರನ್ನು ಒತ್ತಡದಿಂದ ಸಣ್ಣ ಹನಿಗಳಾಗಿ ಒಡೆದು, ಯಂತ್ರದೊಳಗೆ ಹರಿಯುವ ಗಾಳಿಗೆ ಬೆರೆಸುವುದಷ್ಟೇ ಇದರ ಅರ್ಥ. ತೊಡಕಿರುವುದು ಬೇರೆ ಕಡೆ: ನೀರನ್ನು ಬೆರೆಸುವ ಜಾಗ ಬದಲಾದಂತೆ ಅದು ಮಾಡುವ ಕೆಲಸವೂ ಬದಲಾಗುತ್ತದೆ, ಹೆಸರು ಮಾತ್ರ ಹೆಚ್ಚುಕಡಿಮೆ ಒಂದೇ ಉಳಿಯುತ್ತದೆ.

ವಾಡಿ, ಸೇಡಂ, ಚಿತ್ತಾಪುರ ಕಡೆಯ ಸಿಮೆಂಟ್ ಕಾರ್ಖಾನೆಗಳನ್ನು ನೋಡಿ ಬೆಳೆದ ನಮ್ಮ ಹುಡುಗರಿಗೆ ಟರ್ಬೈನ್ ಎಂದರೆ ಕಲ್ಲಿದ್ದಲಿನ ಬಾಯ್ಲರಿಗೆ ಜೋಡಿಸಿದ ಉಗಿ ಟರ್ಬೈನೇ. ಅಲ್ಲಿ ಚಕ್ರವನ್ನು ತಿರುಗಿಸುವುದೇ ನೀರಿನ ಆವಿ. ಗ್ಯಾಸ್ ಟರ್ಬೈನಿನಲ್ಲಿ ಆ ಕೆಲಸ ಮಾಡುವುದು ಗಾಳಿ. ಕಂಪ್ರೆಸರ್ ಹೊರಗಿನ ಗಾಳಿಯನ್ನು ಎಳೆದು ಒತ್ತುತ್ತದೆ, ದಹನ ಕೋಣೆಯಲ್ಲಿ ಇಂಧನ ಉರಿದು ಆ ಗಾಳಿ ಕಾಯುತ್ತದೆ, ಕಾದ ಅನಿಲ ಟರ್ಬೈನಿನ ಅಲಗುಗಳ ಮೇಲೆ ಹಿಗ್ಗಿ ಶಾಫ್ಟನ್ನು ತಿರುಗಿಸುತ್ತದೆ. ಟರ್ಬೈನ್ ಹುಟ್ಟಿಸುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ಕಂಪ್ರೆಸರೇ ನುಂಗುತ್ತದೆ. ಮಿಕ್ಕಿದ್ದು ಮಾತ್ರ ಜನರೇಟರಿಗೆ ಸಿಗುತ್ತದೆ. ನೀರಿನ ಮಹತ್ವ ಅರ್ಥವಾಗಬೇಕಾದರೆ ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು.

ಗ್ಯಾಸ್ ಟರ್ಬೈನಿನ ಸಾಮರ್ಥ್ಯವನ್ನು 15 ಡಿಗ್ರಿ ಸೆಲ್ಸಿಯಸ್ ತಾಪಮಾನ, ಸಮುದ್ರ ಮಟ್ಟದ ಒತ್ತಡ ಮತ್ತು ಶೇ. 60ರಷ್ಟು ಆರ್ದ್ರತೆ ಇರುವ ಗಾಳಿಗೆ ಲೆಕ್ಕ ಹಾಕಿ ಬರೆದಿರುತ್ತಾರೆ. ಗಾಳಿ ಬಿಸಿಯಾದಂತೆ ತೆಳುವಾಗುತ್ತದೆ, ಅದನ್ನು ಒತ್ತಲು ತಗಲುವ ಶ್ರಮವೂ ಹೆಚ್ಚುತ್ತದೆ; ಹೀಗಾಗಿ ಪ್ರತಿ ಒಂದು ಡಿಗ್ರಿ ಏರಿಕೆಗೆ ಸುಮಾರು ಶೇ. 0.5ರಿಂದ 0.9ರಷ್ಟು ಉತ್ಪಾದನೆ ಕುಸಿಯುತ್ತದೆ. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಮುಟ್ಟುವ, ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವ ನಮ್ಮ ಊರಿನಲ್ಲಿ ಅಂಥ ಯಂತ್ರವನ್ನು ನಿಲ್ಲಿಸಿದರೆ, ಎತ್ತರದ ಕಾರಣಕ್ಕೇ ಶೇ. 5ರಷ್ಟು ಶಕ್ತಿ ಹೋಗುತ್ತದೆ, ಬಿಸಿಲಿಗೆ ಹೋಗುವುದು ಅದರ ಮೂರು ಪಟ್ಟಿಗೂ ಹೆಚ್ಚು. ಫ್ಯಾನು, ಕೂಲರ್, ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಅತಿ ಹೆಚ್ಚು ಬೇಕಾಗುವ ಹೊತ್ತಿಗೇ ಯಂತ್ರ ಹೀಗೆ ಸೊರಗುತ್ತದೆ.

ನೀರು ಬೆರೆಸಬಹುದಾದ ಮೊದಲ ಜಾಗ ಕಂಪ್ರೆಸರಿನ ಬಾಯಿ. ಅಲ್ಲಿ ನಡೆಯುವುದನ್ನು ಅರಿಯಲು ಕಲಬುರಗಿಯವರು ದೂರ ಹೋಗಬೇಕಾಗಿಲ್ಲ, ಕಿಟಕಿಯ ಕೂಲರ್ ನೋಡಿದರೆ ಸಾಕು. ಒಣ ಗಾಳಿ ಒದ್ದೆ ಹುಲ್ಲಿನ ಮೂಲಕ ಹಾಯುವಾಗ ನೀರು ಆವಿಯಾಗುತ್ತದೆ, ಅದಕ್ಕೆ ಬೇಕಾದ ಶಾಖವನ್ನು ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ, ಗಾಳಿ ತಣ್ಣಗಾಗುತ್ತದೆ. ಟರ್ಬೈನಿನಲ್ಲಿ ಹುಲ್ಲಿನ ಬದಲು, 100 ಬಾರ್‌ಗೂ ಮೀರಿದ ಒತ್ತಡದಲ್ಲಿ ಕೂದಲಿಗಿಂತ ಸಣ್ಣ ಹನಿಗಳನ್ನು ಚಿಮ್ಮುವ ನಾಜಲ್‌ಗಳ ಸಾಲು ಇರುತ್ತದೆ. ಇದನ್ನು ಫಾಗಿಂಗ್ ಎನ್ನುತ್ತಾರೆ. 42 ಡಿಗ್ರಿಯ, ಶೇ. 20ರಷ್ಟು ಮಾತ್ರ ಆರ್ದ್ರತೆಯಿರುವ ಗಾಳಿಯನ್ನು ಈ ವಿಧಾನದಿಂದ ಸುಮಾರು 24 ಡಿಗ್ರಿಯವರೆಗೆ ಇಳಿಸಬಹುದು. ಡಿಗ್ರಿಗೆ ಶೇ. 0.7 ಎಂದು ಹಿಡಿದರೂ ಉತ್ಪಾದನೆ ಶೇ. 12ರಷ್ಟು ಚೇತರಿಸಿಕೊಳ್ಳುತ್ತದೆ. ಮಂಗಳೂರಿನ 34 ಡಿಗ್ರಿಯ ಒದ್ದೆ ಗಾಳಿಯಲ್ಲಿ ಅದೇ ನಾಜಲ್‌ಗಳು ಆರು ಡಿಗ್ರಿ ಇಳಿಸುವುದೂ ಕಷ್ಟ. ಮಳೆಗಾಲ ಹಿಡಿದ ಮೇಲೆ ನಮ್ಮ ಕೂಲರ್‌ಗಳು ತಂಪಿನ ಬದಲು ಜಿಗಿಜಿಗಿ ಗಾಳಿ ಬೀಸುವುದಕ್ಕೂ ಇದೇ ಕಾರಣ.

ಗಾಳಿ ಹೀರಬಲ್ಲದ್ದಕ್ಕಿಂತ ಹೆಚ್ಚು ನೀರು ಸಿಂಪಡಿಸಿದರೆ ಉಳಿದ ಹನಿಗಳು ಕಂಪ್ರೆಸರಿನ ಒಳಗೇ ಹೋಗಿ, ಒತ್ತಡ ಏರುತ್ತಿರುವಾಗಲೇ ಆವಿಯಾಗಿ, ಒತ್ತುವ ಶ್ರಮವನ್ನು ಇನ್ನಷ್ಟು ತಗ್ಗಿಸುತ್ತವೆ. ಇದು ವೆಟ್ ಕಂಪ್ರೆಷನ್. ಲಾಭ ನಿಜ, ಆದರೆ ಹನಿಗಳು ತುಸು ದಪ್ಪವಾದರೂ ಅಲಗುಗಳ ಅಂಚನ್ನು ಸವೆಸುತ್ತವೆಯಾದ್ದರಿಂದ ಯಂತ್ರ ತಯಾರಿಸಿದವರ ಒಪ್ಪಿಗೆಯಿಲ್ಲದೆ ಇದಕ್ಕೆ ಕೈಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಜಾಗ ದಹನ ಕೋಣೆ. 'ವಾಟರ್ ಇಂಜೆಕ್ಷನ್' ಎಂಬ ಹೆಸರು ಕಟ್ಟುನಿಟ್ಟಾಗಿ ಸಲ್ಲುವುದು ಇದಕ್ಕೇ, ವಿದ್ಯಾರ್ಥಿಗಳ ಪ್ರಶ್ನೆ ಇರುವುದೂ ಇಲ್ಲಿಯೇ. ಇಲ್ಲಿ ನೀರು ಬಿಡುವ ಮುಖ್ಯ ಉದ್ದೇಶ ಶಕ್ತಿಯಲ್ಲ, ಹೊಗೆಯ ಮಾಲಿನ್ಯ ತಗ್ಗಿಸುವುದು. ಜ್ವಾಲೆಯ ತಾಪ ಸುಮಾರು 1500 ಡಿಗ್ರಿ ದಾಟಿದ ಮೇಲೆ ಗಾಳಿಯಲ್ಲಿರುವ ನೈಟ್ರೋಜನ್ ಮತ್ತು ಆಕ್ಸಿಜನ್ ಕೂಡಿ ನೈಟ್ರೋಜನ್ ಆಕ್ಸೈಡ್‌ಗಳು ಭರದಿಂದ ಹುಟ್ಟತೊಡಗುತ್ತವೆ. ಇಂಧನದ ತೂಕಕ್ಕೆ ಹೆಚ್ಚುಕಡಿಮೆ ಸಮನಾದ ನೀರನ್ನು ಜ್ವಾಲೆಗೆ ಬೆರೆಸಿದರೆ ಅದರ ತಾಪದ ತುದಿ ಮುರಿದು, ಈ ಮಾಲಿನ್ಯ ಶೇ. 60ಕ್ಕೂ ಮಿಕ್ಕಿ ಇಳಿಯುತ್ತದೆ. ಬೆಂಕಿ ಆರುವುದಿಲ್ಲ, ಬಿಸಿ ತಗ್ಗುತ್ತದೆ. ತಗ್ಗಿದ ಬಿಸಿಯನ್ನು ಮತ್ತೆ ಟರ್ಬೈನಿನ ನಿಗದಿತ ಮಟ್ಟಕ್ಕೆ ತರಲು ನಿಯಂತ್ರಣ ವ್ಯವಸ್ಥೆ ಹೆಚ್ಚು ಇಂಧನ ಬಿಡುತ್ತದೆ. ಆಗ ಗಾಳಿಯ ಜೊತೆಗೆ ಆವಿಯೂ ಅಲಗುಗಳ ಮೇಲೆ ಹಾಯುತ್ತದೆ, ಶಕ್ತಿ ಶೇ. 5ರಿಂದ 6ರಷ್ಟು ಏರುತ್ತದೆ.

ಈ ಲಾಭದ ಬೇರು ಪಂಪಿನಲ್ಲಿದೆ. ಒಂದು ಕಿಲೋ ಗಾಳಿಯ ಒತ್ತಡವನ್ನು 15 ಪಟ್ಟು ಏರಿಸಲು ಕಂಪ್ರೆಸರಿಗೆ 400 ಕಿಲೋಜೂಲ್‌ನಷ್ಟು ಕೆಲಸ ತಗಲುತ್ತದೆ. ಒಂದು ಕಿಲೋ ನೀರನ್ನು ಅದಕ್ಕೂ ಹೆಚ್ಚಿನ ಒತ್ತಡಕ್ಕೆ ತರಲು ಪಂಪಿಗೆ ಐದು ಕಿಲೋಜೂಲ್ ಸಾಕು, ಏಕೆಂದರೆ ದ್ರವ ಕುಗ್ಗುವುದಿಲ್ಲ. ಆದರೆ ನೀರನ್ನು ಆವಿ ಮಾಡಲು ಖರ್ಚಾದ ಗುಪ್ತೋಷ್ಣ, ಕಿಲೋಗೆ ಎರಡು ಸಾವಿರ ಕಿಲೋಜೂಲಿಗೂ ಹೆಚ್ಚು, ಚಿಮಣಿಯಿಂದ ಹೊರಗೆ ಹೋಗಿಬಿಡುತ್ತದೆ. ಆದ್ದರಿಂದ ದಕ್ಷತೆ ಶೇ. 2ರಿಂದ 3ರಷ್ಟು ಕುಗ್ಗುತ್ತದೆ. ನೀರು ಇನ್ನೂ ಹೆಚ್ಚಾದರೆ ಇಂಧನ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಆವಿ ಬೆರೆತ ಅನಿಲ ಲೋಹಕ್ಕೆ ಶಾಖವನ್ನು ಹೆಚ್ಚು ಬೇಗ ದಾಟಿಸುವುದರಿಂದ ಅಲಗುಗಳ ಆಯುಷ್ಯವನ್ನೂ ಗಮನಿಸಬೇಕಾಗುತ್ತದೆ. ನೀರಿಲ್ಲದೆಯೇ ಮಾಲಿನ್ಯ ತಗ್ಗಿಸುವ ದಹನ ಕೋಣೆಗಳು ಬಂದ ಮೇಲೆ ಅನಿಲ ಉರಿಸುವ ದೊಡ್ಡ ಯಂತ್ರಗಳಲ್ಲಿ ಈ ಪದ್ಧತಿಯ ಬಳಕೆ ಇಳಿದಿದೆ. ಡೀಸೆಲ್‌ನಂಥ ದ್ರವ ಇಂಧನ ಉರಿಸುವ ಕಡೆ ಉಳಿದಿದೆ.

ಯಾವ ನೀರು ಎಂಬುದೂ ಮುಖ್ಯ. ನಮ್ಮ ಕೂಲರಿನ ಜಾಳಿಗೆ ಬಿಚ್ಚಿ ನೋಡಿದರೆ, ಬೋರಿನ ನೀರು ಹರಿದು ಒಣಗಿದ ಹುಲ್ಲಿನ ಎಳೆಗಳ ಮೇಲೆ ಸುಣ್ಣದಂಥ ಬಿಳಿ ಪೊರೆ ಕಟ್ಟಿರುತ್ತದೆ. ಬೆರಳಿನಿಂದ ಒತ್ತಿದರೆ ಪುಡಿಪುಡಿಯಾಗಿ ಉದುರುತ್ತದೆ. ಸುಣ್ಣಕಲ್ಲಿನ ನೆಲದ ಈ ಗಡಸು ನೀರನ್ನು ಟರ್ಬೈನಿಗೆ ಬಿಟ್ಟರೆ ಅದೇ ಪೊರೆ ನಾಜಲ್‌ಗಳಲ್ಲೂ ಅಲಗುಗಳ ಮೇಲೂ ಕೂರುತ್ತದೆ. ಅದಕ್ಕಿಂತ ಕೆಟ್ಟದ್ದು ಸೋಡಿಯಂ ಮತ್ತು ಪೊಟ್ಯಾಸಿಯಂ ಲವಣಗಳು: ಇಂಧನದ ಗಂಧಕದೊಡನೆ ಸೇರಿ ಕಾದ ಅಲಗಿನ ಮೇಲೆ ಕರಗಿ ಲೋಹವನ್ನೇ ತಿನ್ನುತ್ತವೆ. ಹಾಗಾಗಿ ಲವಣಗಳನ್ನೆಲ್ಲ ತೆಗೆದ ನೀರನ್ನೇ ಬಳಸಬೇಕು. ಆ ನೀರು ಸಾಮಾನ್ಯ ಕಬ್ಬಿಣದ ಕೊಳವೆಯನ್ನು ಕೊರೆಯುವುದರಿಂದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಹಾಕಬೇಕು.

ಸೆಕೆಂಡಿಗೆ 100 ಕಿಲೋ ಗಾಳಿ ಎಳೆಯುವ, ಸುಮಾರು 30 ಮೆಗಾವ್ಯಾಟ್‌ನ ಯಂತ್ರವೊಂದನ್ನು ತೆಗೆದುಕೊಳ್ಳೋಣ. ಮೇಲೆ ಹೇಳಿದ 18 ಡಿಗ್ರಿ ತಂಪಿಗೆ ಗಂಟೆಗೆ ಸುಮಾರು 2,700 ಲೀಟರ್ ನೀರು ಬೇಕು. ದಹನ ಕೋಣೆಗೆ ಇಂಧನದಷ್ಟೇ ತೂಕದ ನೀರು ಬಿಡುವುದಾದರೆ 6,000 ಲೀಟರಿಗೂ ಹೆಚ್ಚು, ಅಂದರೆ ಬೇಸಿಗೆಯಲ್ಲಿ ಓಣಿಗೆ ಬರುವ ಟ್ಯಾಂಕರಿಗಿಂತ ಹೆಚ್ಚು, ಪ್ರತಿ ಗಂಟೆಗೆ. ಲವಣ ತೆಗೆಯುವಾಗ ಚೆಲ್ಲಿಹೋಗುವ ನೀರು ಇದರಲ್ಲಿ ಸೇರಿಲ್ಲ, ಆವಿಯಾಗಿ ಹೋದದ್ದು ಮರಳಿ ಸಿಗುವುದೂ ಇಲ್ಲ. ಗಾಳಿ ಅತ್ಯಂತ ಒಣಗಿರುವ, ಫಾಗಿಂಗ್ ಅತ್ಯಂತ ಹೆಚ್ಚು ಫಲ ಕೊಡುವ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲೇ ಭೀಮಾ ನದಿಯ ಪಾತ್ರದಲ್ಲಿ ಮರಳು ಕಾಣುತ್ತಿರುತ್ತದೆ.