ದೊಡ್ಡ ಕಂಪನಿಯ ಹೆಸರನ್ನು ಮೊದಲೇ ಕೊಂಡಿಟ್ಟರೆ ಕೋಟಿ ಸಿಗುತ್ತದೆಯೇ?

ಪ್ರಶ್ನೆ: ಡೊಮೇನ್ ಹೆಸರುಗಳನ್ನು, ಅಂದರೆ ಜಾಲತಾಣಗಳ ವಿಳಾಸಗಳನ್ನು, ಕೊಂಡು ಮಾರುವ ವ್ಯಾಪಾರಕ್ಕೆ ಇಳಿಯಬೇಕೆಂದಿದ್ದೇನೆ. ಎರಡು ದೊಡ್ಡ ಕಂಪನಿಗಳು ಒಂದಾಗುವ ಸುದ್ದಿ ಬಂದ ಕೂಡಲೇ ಅವುಗಳ ಜೋಡಿ ಹೆಸರನ್ನು ನೋಂದಾಯಿಸಿಟ್ಟರೆ ಒಳ್ಳೆಯ ಬೆಲೆ ಸಿಗುತ್ತದೆಯಲ್ಲವೇ?

ಉತ್ತರ: ಇಲ್ಲ. ಕಂಪನಿಯ ಬದಲು ಸಿನಿಮಾ ಹೆಸರು, ಸರ್ಕಾರಿ ಯೋಜನೆಯ ಹೆಸರು ಎಂದು ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಎಲ್ಲಕ್ಕೂ ಉತ್ತರ ಒಂದೇ, ಆದರೂ ಈ ನಂಬಿಕೆ ಸಾಯುವುದಿಲ್ಲ. ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ನಿಮ್ಮ ತಲೆಯಲ್ಲಿರುವುದು ಬಹುಶಃ 2024ರ ಜಿಯೋಹಾಟ್‌ಸ್ಟಾರ್ ಪ್ರಕರಣ. ದೆಹಲಿಯ ಯುವಕನೊಬ್ಬ ಆ ಹೆಸರಿನ ಡಾಟ್ ಕಾಮ್ ಅನ್ನು ಮೊದಲೇ ನೋಂದಾಯಿಸಿಟ್ಟು, ತನ್ನ ಕೇಂಬ್ರಿಡ್ಜ್ ಓದಿನ ಖರ್ಚು ಕೊಡಿ ಎಂದು ರಿಲಯನ್ಸ್ ಸಂಸ್ಥೆಯನ್ನು ಕೇಳಿದ. ಸುದ್ದಿ ದೇಶವೆಲ್ಲ ಹರಡಿತು. ಮುಂದಿನ ಕಥೆಯನ್ನು ಮಾತ್ರ ಯಾರೂ ಓದಿದಂತಿಲ್ಲ. ಕಂಪನಿ ಒಪ್ಪಲಿಲ್ಲವೆಂದು ಆತನೇ ತಿಳಿಸಿದ. ಬಳಿಕ ಆ ಹೆಸರು ದುಬೈನ ಇಬ್ಬರು ಮಕ್ಕಳ ಕೈಗೆ ಹೋಯಿತು, ಅವರು ಅದನ್ನು ಉಚಿತವಾಗಿಯೇ ಬಿಟ್ಟುಕೊಡುತ್ತೇವೆ ಎಂದರು. ಕೋಟಿ ಎಲ್ಲಿ ಬಂತು?

ಡಾಟ್ ಕಾಮ್ ಹೆಸರುಗಳಿಗೆ ಯುಡಿಆರ್‌ಪಿ ಎಂಬ ವ್ಯಾಜ್ಯ ನಿಯಮ 1999ರಿಂದಲೇ ಇದೆ. ಡಾಟ್ ಇನ್ ಹೆಸರುಗಳಿಗೆ, ಅವನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ಐಎನ್‌ಡಿಆರ್‌ಪಿ ಎಂಬ ಅಂಥದೇ ನಿಯಮ ಇದೆ. ಯುಡಿಆರ್‌ಪಿಯಲ್ಲಿ ಟ್ರೇಡ್‌ಮಾರ್ಕಿನ ಒಡೆಯ ಮೂರು ಸಂಗತಿಗಳನ್ನು ತೋರಿಸಬೇಕು: ನಿಮ್ಮ ಹೆಸರು ಅವರ ಮಾರ್ಕನ್ನು ಹೋಲುತ್ತದೆ, ಅದರ ಮೇಲೆ ನಿಮಗೆ ನ್ಯಾಯವಾದ ಹಕ್ಕಿಲ್ಲ, ನೀವು ದುರುದ್ದೇಶದಿಂದ ನೋಂದಾಯಿಸಿ ಬಳಸುತ್ತಿದ್ದೀರಿ. ಮೂರನೆಯದಕ್ಕೆ ಸಾಕ್ಷಿ ಏನು ಗೊತ್ತೇ? ಮಾರ್ಕಿನ ಒಡೆಯನಿಗೇ ಹೆಚ್ಚಿನ ಬೆಲೆಗೆ ಮಾರುವ ಉದ್ದೇಶದಿಂದ ಕೊಂಡಿರುವುದು! 'ಇಷ್ಟು ಕೋಟಿ ಕೊಡಿ' ಎಂದು ನೀವು ಬರೆಯುವ ಮಿಂಚಂಚೆಯೇ ನಿಮ್ಮ ವಿರುದ್ಧದ ದಾಖಲೆಯಾಗುತ್ತದೆ. ಸೋತರೆ ಹೆಸರು ಅವರಿಗೆ ಹೋಗುತ್ತದೆ, ನಿಮಗೆ ಬಿಡಿಗಾಸೂ ಇಲ್ಲ.

'ಕೋರ್ಟಿನಲ್ಲಿ ನೋಡಿಕೊಳ್ಳೋಣ' ಎನ್ನುವವರಿಗೆ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಮೊಕದ್ದಮೆಯನ್ನು ನೆನಪಿಸುತ್ತೇನೆ. ಸತ್ಯಂ ಇನ್ಫೋವೇ ಕಂಪನಿ 1999ರಲ್ಲಿ ಸಿಫಿ ಎಂಬ ಹೆಸರಿನ ಡೊಮೇನ್‌ಗಳನ್ನು ನೋಂದಾಯಿಸಿತ್ತು. ಸಿಫಿನೆಟ್ ಎಂಬ ಮತ್ತೊಂದು ಕಂಪನಿ ಹೆಚ್ಚುಕಡಿಮೆ ಅದೇ ಹೆಸರಿನಲ್ಲಿ ಬಂದಾಗ ಸಿಟಿ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟ್ ಅದನ್ನು ತೆಗೆದುಹಾಕಿತು. 2004ರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶವನ್ನು ರದ್ದುಮಾಡಿ, ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥದೇ ರಕ್ಷಣೆ ಸಲ್ಲುತ್ತದೆ ಎಂದಿತು. ಈ ದೇಶದಲ್ಲಿ ಡೊಮೇನ್ ಮುಟ್ಟುವ ಪ್ರತಿಯೊಬ್ಬರೂ ಆ ತೀರ್ಪನ್ನು ಒಮ್ಮೆ ಓದಬೇಕೆಂಬುದು ನನ್ನ ಹಟ.

ಹಾಗಾದರೆ ಕೊಳ್ಳುವುದು ಏನನ್ನು? ಯಾರೊಬ್ಬರ ಸ್ವತ್ತೂ ಅಲ್ಲದ, ಹಲವರು ಬಯಸಬಹುದಾದ ಸಾಮಾನ್ಯ ಪದಗಳನ್ನು. 2019ರಲ್ಲಿ 3 ಕೋಟಿ ಡಾಲರಿಗೆ ಮಾರಾಟವಾದ ವಾಯ್ಸ್ ಡಾಟ್ ಕಾಮ್ ಅಂಥದು. ಆ ಬೆಲೆಯ ಕನಸು ಬೇಡ, ಪದದ ಜಾತಿಯನ್ನು ಗಮನಿಸಿ. ಕೊಳ್ಳುವ ಮೊದಲು ನೇಮ್‌ಬಯೋದಂಥ ತಾಣದಲ್ಲಿ ಹಳೆಯ ಮಾರಾಟದ ಬೆಲೆಗಳನ್ನು ನೋಡಿ. ನೋಂದಣಿ ಸಂಸ್ಥೆಗಳು ಮೊದಲ ವರ್ಷಕ್ಕೆ ತೋರಿಸುವ ರಿಯಾಯಿತಿಗೆ ಮರುಳಾಗಬೇಡಿ, ನವೀಕರಣದ ದರ ಎಷ್ಟೆಂದು ಕೇಳಿ. ಡೊಮೇನ್ ಯಾರಿಗೂ ಶಾಶ್ವತ ಸ್ವತ್ತಲ್ಲ, ಒಮ್ಮೆಗೆ ಹೆಚ್ಚೆಂದರೆ 10 ವರ್ಷದ ಗುತ್ತಿಗೆ. ಹೆಸರೊಂದಕ್ಕೆ ವರ್ಷಕ್ಕೆ 1,000 ರೂಪಾಯಿ ಎಂದಿಟ್ಟುಕೊಂಡರೂ 100 ಹೆಸರಿಗೆ ಲಕ್ಷ ರೂಪಾಯಿ. ನೂರರಲ್ಲಿ ಒಂದೆರಡು ಹೆಸರು ವರ್ಷದಲ್ಲಿ ಮಾರಾಟವಾದರೆ ಸಹಜ ಎಂಬುದು ಈ ವ್ಯಾಪಾರದವರ ಲೆಕ್ಕ. ಆ ಒಂದೆರಡು ಉಳಿದವುಗಳ ಬಾಡಿಗೆಯನ್ನೂ ಹೊರಬೇಕು. ಐದಾರು ಹೆಸರುಗಳಿಂದ ಆರಂಭಿಸಿ. ಗೊತ್ತಿಲ್ಲದವರೊಂದಿಗೆ ವ್ಯವಹರಿಸುವಾಗ ಎಸ್ಕ್ರೋ ಸೇವೆಯಿಲ್ಲದೆ (ಹೆಸರು ಕೈಬದಲಾಗುವವರೆಗೆ ಹಣವನ್ನು ಮಧ್ಯಸ್ಥರು ಇಟ್ಟುಕೊಳ್ಳುವ ವ್ಯವಸ್ಥೆ) ಹೆಸರನ್ನು ಬಿಟ್ಟುಕೊಡಬೇಡಿ.

ನೀವು ಕೇಳಲಿಲ್ಲ, ಆದರೂ ಕೇಳಬೇಕಿತ್ತು: ಕನ್ನಡ ಲಿಪಿಯಲ್ಲೇ ಡೊಮೇನ್ ಕೊಳ್ಳಬಹುದೇ? ಕೊಳ್ಳಬಹುದು. ಡಾಟ್ ಭಾರತ ಎಂಬುದು ಕನ್ನಡ ಅಕ್ಷರಗಳಲ್ಲೇ ಇದೆ, ನಿಕ್ಸಿಯೇ ಅದನ್ನು ನೋಡಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ 'ಊಟ' ಎಂದು ಬರೆಯಲು ಒಬ್ಬರು ಎರಡು 'ಒ' ಹಾಕುತ್ತಾರೆ, ಇನ್ನೊಬ್ಬರು ಒಂದು 'ಯು' ಹಾಕುತ್ತಾರೆ. ಕನ್ನಡದಲ್ಲಿ ಆ ಗೊಂದಲವೇ ಇಲ್ಲ. ಇದು ನನಗೆ ಬಹಳ ಇಷ್ಟವಾದ ಸಂಗತಿ. ಆದರೆ ಆ ವಿಳಾಸವನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಎಷ್ಟೋ ಕಡೆ 'ಎಕ್ಸ್ ಎನ್' ಎಂದು ಆರಂಭವಾಗುವ ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣುತ್ತದೆ, ಕನ್ನಡ ಅಕ್ಷರಗಳ ಮಿಂಚಂಚೆ ವಿಳಾಸವನ್ನು ಅನೇಕ ಅರ್ಜಿ ನಮೂನೆಗಳು ಒಪ್ಪುವುದಿಲ್ಲ. ಆದ್ದರಿಂದ ಮಾರುವುದಕ್ಕೆಂದು ಈಗ ಅದನ್ನು ಕೊಳ್ಳಬೇಡಿ. ನಿಮ್ಮದೇ ಅಂಗಡಿಗೋ ಊರಿನ ಗ್ರಂಥಾಲಯಕ್ಕೋ ಆದರೆ ಇವತ್ತೇ ಕೊಳ್ಳಿ.