ಪಾಸ್‌ವರ್ಡ್ ಸರಿ ಇದ್ದರೂ ಪ್ರಿಂಟರ್‌ನಿಂದ ಮೇಲ್ ಯಾಕೆ ಹೋಗುತ್ತಿಲ್ಲ?

ಪ್ರಶ್ನೆ: ನಮ್ಮ ಆಫೀಸಿನ ಪ್ರಿಂಟರ್‌ನಲ್ಲಿ ಸ್ಕ್ಯಾನ್ ಮಾಡಿ ನೇರವಾಗಿ ಮೇಲ್ ಕಳಿಸಬಹುದು. ಅದಕ್ಕೆ ಆಫೀಸಿನ ಜಿಮೇಲ್ ಐಡಿ, ಪಾಸ್‌ವರ್ಡ್ ಹಾಕಿದ್ದೇನೆ. ಅದೇ ಪಾಸ್‌ವರ್ಡ್ ಕಂಪ್ಯೂಟರ್‌ನಲ್ಲಿ ಕೆಲಸ ಮಾಡುತ್ತದೆ, ಪ್ರಿಂಟರ್‌ನಲ್ಲಿ ಮಾತ್ರ 'ಅಥೆಂಟಿಕೇಶನ್ ಫೇಲ್ಡ್' ಅಂತ ಬರುತ್ತದೆ. ಏನು ಮಾಡಲಿ?

ಉತ್ತರ: ಪ್ರಿಂಟರ್ ಕೆಟ್ಟಿಲ್ಲ, ನೀವೂ ತಪ್ಪು ಟೈಪ್ ಮಾಡಿಲ್ಲ. ಮಾಮೂಲಿ ಪಾಸ್‌ವರ್ಡ್ ಪ್ರಿಂಟರ್‌ನಿಂದ ಬಂದರೆ ಗೂಗಲ್ ಈಗ ಒಪ್ಪುವುದೇ ಇಲ್ಲ. ಮೊದಲು 'ಲೆಸ್ ಸೆಕ್ಯೂರ್ ಆ್ಯಪ್ಸ್' ಅನ್ನೋ ಸೆಟಿಂಗ್ ಆನ್ ಮಾಡಿದರೆ ಸಾಕಿತ್ತು. ವೈಯಕ್ತಿಕ ಖಾತೆಗಳಿಗೆ ಅದು 2022ರ ಮೇ 30ಕ್ಕೆ ನಿಂತುಹೋಯಿತು. ಕಂಪ್ಯೂಟರ್‌ನಲ್ಲಾದರೆ ಗೂಗಲ್ ನಿಮ್ಮ ಫೋನಿಗೆ ಕೇಳಿ ಖಾತ್ರಿ ಮಾಡಿಕೊಳ್ಳಬಹುದು. ಪ್ರಿಂಟರ್ ಹತ್ತಿರ ಹಾಗೆ ಕೇಳಲು ಆಗುವುದಿಲ್ಲ ಅಲ್ವಾ?

ಇದಕ್ಕೆ ಇರುವ ದಾರಿ ಆ್ಯಪ್ ಪಾಸ್‌ವರ್ಡ್, ಅಂದರೆ ಇಂಥ ಸಾಧನಕ್ಕೆಂದೇ ಗೂಗಲ್ ಮಾಡಿಕೊಡುವ ಬೇರೆ ಪಾಸ್‌ವರ್ಡ್. ಮೊದಲು ಖಾತೆಯಲ್ಲಿ ಟು-ಸ್ಟೆಪ್ ವೆರಿಫಿಕೇಶನ್ (ಪಾಸ್‌ವರ್ಡ್ ಜೊತೆ ಇನ್ನೊಂದು ಖಾತ್ರಿ ಕೇಳುವ ವ್ಯವಸ್ಥೆ) ಆನ್ ಮಾಡಿ. ಆಮೇಲೆ ಖಾತೆಯ ಸೆಟಿಂಗ್ಸ್‌ನಲ್ಲಿ 'ಆ್ಯಪ್ ಪಾಸ್‌ವರ್ಡ್ಸ್' ಎಂದು ಹುಡುಕಿ, ಪ್ರಿಂಟರ್‌ಗೆಂದು ಒಂದನ್ನು ಮಾಡಿ. 16 ಅಕ್ಷರ, ನಾಲ್ಕು ನಾಲ್ಕರ ಗುಂಪಾಗಿ ಕಾಣುತ್ತದೆ. ನಡುವಿನ ಜಾಗ ಟೈಪ್ ಮಾಡಬೇಕಿಲ್ಲ. ಇದನ್ನು ಒಮ್ಮೆ ಮಾತ್ರ ತೋರಿಸುತ್ತಾರೆ, ಹಾಗಾಗಿ ಆ ಪುಟ ಮುಚ್ಚುವ ಮೊದಲೇ ಪ್ರಿಂಟರ್‌ಗೆ ಹಾಕಿಬಿಡಿ. ಪ್ರಿಂಟರ್‌ನ ಪುಟ್ಟ ಪರದೆಯಲ್ಲಿ ಒತ್ತುತ್ತಾ ಕೂರಬೇಡಿ. ಪ್ರಿಂಟರ್‌ನ ಐಪಿ ವಿಳಾಸವನ್ನು (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಹಾಕಿದರೆ ಅದರ ಸೆಟಿಂಗ್ಸ್ ಪುಟ ತೆರೆಯುತ್ತದೆ, ಅಲ್ಲಿ ಪೇಸ್ಟ್ ಮಾಡಿದರಾಯಿತು.

ಸರ್ವರ್ ಹೆಸರು ಎಸ್‌ಎಮ್‌ಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್. ಕನೆಕ್ಷನ್ ಬೇರೆಯವರು ಓದದಂತೆ ಕಾಪಾಡುವ ವಿಧಾನವನ್ನೂ ಆರಿಸಬೇಕು: ಪೋರ್ಟ್ 587 ಕೊಟ್ಟರೆ ಸ್ಟಾರ್ಟ್‌ಟಿಎಲ್‌ಎಸ್, 465 ಕೊಟ್ಟರೆ ಎಸ್‌ಎಸ್‌ಎಲ್. ಇವೆರಡು ಅದಲುಬದಲಾದರೆ ಮೇಲ್ ಹೋಗುವುದಿಲ್ಲ. ಯೂಸರ್‌ನೇಮ್ ಜಾಗದಲ್ಲಿ ಪೂರ್ತಿ ಮೇಲ್ ಐಡಿ ಇರಲಿ. ಕಳಿಸುವವರ ವಿಳಾಸಕ್ಕೂ ಅದೇ ಐಡಿ.

ಇಷ್ಟಾದರೂ ಹೋಗದಿದ್ದರೆ ಎರರ್ ಸಂಖ್ಯೆ ನೋಡಿ. 535 ಅಂದರೆ ಐಡಿ ಅಥವಾ ಪಾಸ್‌ವರ್ಡ್‌ನಲ್ಲೇ ತೊಂದರೆ. ಸರ್ವರ್‌ಗೆ ಕನೆಕ್ಟೇ ಆಗುತ್ತಿಲ್ಲ ಅಂದರೆ ಪಾಸ್‌ವರ್ಡ್ ಸುಮ್ನೆ ಬದಲಿಸುತ್ತಾ ಹೋಗಬೇಡಿ. ಪ್ರಿಂಟರ್‌ನ ನೆಟ್‌ವರ್ಕ್ ಸೆಟಿಂಗ್ಸ್‌ನಲ್ಲಿ ಡಿಎನ್‌ಎಸ್ (ಸರ್ವರ್ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಜಾಗ ಖಾಲಿ ಇದೆಯಾ ನೋಡಿ. ಪ್ರಿಂಟರ್‌ನ ತಾರೀಖನ್ನೂ ನೋಡಿ. ಇದನ್ನು ಯಾರೂ ನೋಡುವುದೇ ಇಲ್ಲ! ತಾರೀಖು ಹಲವು ವರ್ಷ ಹಿಂದಿದ್ದರೆ, ಸರ್ವರ್ ತನ್ನ ಗುರುತಿಗೆ ತೋರಿಸುವ ಸರ್ಟಿಫಿಕೇಟ್‌ನ ಅವಧಿ ಇನ್ನೂ ಶುರುವೇ ಆಗಿಲ್ಲ ಎಂದುಕೊಂಡು ಪ್ರಿಂಟರ್ ಕನೆಕ್ಷನ್ ಬಿಟ್ಟುಬಿಡಬಹುದು. ತೀರಾ ಹಳೇ ಪ್ರಿಂಟರ್ ಆದರೆ ಕನೆಕ್ಷನ್ ಕಾಪಾಡುವ ಈಗಿನ ವಿಧಾನವಾದ ಟಿಎಲ್‌ಎಸ್‌ನ ಹೊಸ ಆವೃತ್ತಿ ಅದಕ್ಕೆ ಬರದೆ ಇರಬಹುದು. ಫರ್ಮ್‌ವೇರ್ (ಪ್ರಿಂಟರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಇಲ್ಲದಿದ್ದರೆ ಸ್ಕ್ಯಾನ್ ಅನ್ನು ಕಂಪ್ಯೂಟರ್ ಫೋಲ್ಡರ್‌ಗೆ ಕಳಿಸುವುದೇ ವಾಸಿ.

ಒಂದು ಮಾತು ಒತ್ತಿ ಹೇಳುತ್ತೇನೆ. ಆ್ಯಪ್ ಪಾಸ್‌ವರ್ಡ್ ಇದ್ದವರು ಮೇಲ್ ಕಳಿಸುವುದಷ್ಟೇ ಅಲ್ಲ, ಓದಲೂಬಹುದು. ಆದ್ದರಿಂದ ಯಜಮಾನರ ಐಡಿ ಹಾಕಬೇಡಿ, ಪ್ರಿಂಟರ್‌ಗೆಂದೇ ಬೇರೆ ಖಾತೆ ಮಾಡಿ. ಇದರಿಂದ ಇನ್ನೊಂದು ಅನುಕೂಲವೂ ಇದೆ. ಖಾತೆಯ ಪಾಸ್‌ವರ್ಡ್ ಬದಲಿಸಿದರೆ ಆ್ಯಪ್ ಪಾಸ್‌ವರ್ಡ್ ರದ್ದಾಗುತ್ತದೆ. ಬೇರೆ ಖಾತೆ ಇದ್ದರೆ ಆ ಕಾಟ ಕಡಿಮೆ. ಪ್ರಿಂಟರ್ ಮಾರುವ ದಿನ ಅದರ ಸೆಟಿಂಗ್ಸ್ ಅಳಿಸಿ, ಗೂಗಲ್ ಖಾತೆಗೆ ಹೋಗಿ ಆ ಆ್ಯಪ್ ಪಾಸ್‌ವರ್ಡನ್ನೂ ತೆಗೆದುಹಾಕಿ.