ಬೆಂಗಳೂರು ಆದಮೇಲೆ ಯಾವ ಊರು?

2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಹಳೇ ಮಾತು ಮತ್ತೆ ಶುರುವಾಯಿತು. 'ಇಲ್ಲಿಗೆ ಇನ್ನು ಜನ ಬರೋದು ಬೇಡ, ಬೇರೆ ಊರುಗಳನ್ನು ಬೆಳೆಸಿ.' ಮಳೆಗೆ ರಸ್ತೆ ಮುಳುಗಿದಾಗಲೂ ಇದೇ ಮಾತು. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗಲಂತೂ ದಿನಾ ಇದೇ. ಆದರೆ ಬೇರೆ ಊರು ಅಂದರೆ ಯಾವುದು ಅಂತ ಕೇಳಿದ ಕೂಡಲೇ ಮಾತು ಜಗಳಕ್ಕೆ ತಿರುಗುತ್ತದೆ. ಮೈಸೂರಿನವರಿಗೆ ಮೈಸೂರು, ಹುಬ್ಬಳ್ಳಿಯವರಿಗೆ ಹುಬ್ಬಳ್ಳಿ. ಮಂಗಳೂರು, ಬೆಳಗಾವಿ, ಕಲಬುರಗಿಯವರು ಸುಮ್ನೆ ಕೂರುತ್ತಾರಾ? ನಡುವೆ ಹಿಂದುಳಿದ ತಾಲ್ಲೂಕುಗಳ ಬಗೆಗಿನ ನಂಜುಂಡಪ್ಪ ವರದಿ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ, ಬೆಳಗಾವಿಯ ಸುವರ್ಣ ವಿಧಾನಸೌಧ ಎಲ್ಲ ಬಂದು ಸೇರಿ, ವಿಷಯ ಎಲ್ಲಿ ಶುರುವಾಯಿತು ಅನ್ನೋದೇ ಮರೆತುಹೋಗುತ್ತದೆ.

ಮೊದಲು ಲೆಕ್ಕ ನೋಡೋಣ. 2011ರ ಜನಗಣತಿಯಲ್ಲಿ ಹೊರವಲಯವೂ ಸೇರಿ ಬೆಂಗಳೂರಿನಲ್ಲಿ 85 ಲಕ್ಷ ಜನ ಇದ್ದರು. ಎರಡನೆಯ ಸ್ಥಾನ ಯಾರದು ಅನ್ನೋದರಲ್ಲೇ ತಕರಾರಿದೆ. ಪಾಲಿಕೆ ಗಡಿಯೊಳಗೆ ಮಾತ್ರ ಎಣಿಸಿದರೆ ಹುಬ್ಬಳ್ಳಿ-ಧಾರವಾಡ, 9.4 ಲಕ್ಷ. ಹೊರವಲಯವನ್ನೂ ಸೇರಿಸಿದರೆ ಮೈಸೂರು, 9.9 ಲಕ್ಷ. ಯಾರೇ ಗೆದ್ದರೂ ಬೆಂಗಳೂರಿನ ಒಂಬತ್ತನೇ ಒಂದು ಪಾಲಿನ ಹತ್ತಿರವೇ ನಿಲ್ಲುತ್ತಾರೆ. ಮಂಗಳೂರು, ಬೆಳಗಾವಿ ತಲಾ 6 ಲಕ್ಷದ ಆಸುಪಾಸು, ಕಲಬುರಗಿ 5.4 ಲಕ್ಷ. ರಾಜ್ಯದಲ್ಲಿ ಪಟ್ಟಣಗಳಲ್ಲಿ ವಾಸ ಮಾಡುವ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಒಂದೇ ಊರಿನಲ್ಲಿದ್ದಾರೆ.

ನಗರಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಲ್ಲಿಸಿ ನೋಡುವ ಅಭ್ಯಾಸ ಹಳೆಯದು. 1913ರಲ್ಲಿ ಜರ್ಮನಿಯ ಫೆಲಿಕ್ಸ್ ಔರ್‌ಬಾಖ್ ಈ ಸಾಲಿನಲ್ಲಿ ಒಂದು ಕ್ರಮ ಇರುವುದನ್ನು ಗಮನಿಸಿದ. ಅಮೆರಿಕದ ಜಾರ್ಜ್ ಜಿಫ್ ಹೆಸರಿನಲ್ಲಿ ಅದು ಪ್ರಸಿದ್ಧವಾಯಿತು. ಎರಡನೆಯ ಊರಿನ ಜನಸಂಖ್ಯೆ ಮೊದಲನೆಯದರ ಅರ್ಧದಷ್ಟು, ಮೂರನೆಯದು ಮೂರನೇ ಒಂದರಷ್ಟು, ಹೀಗೆ. ಎಲ್ಲ ಕಡೆ ನಡೆಯುವ ನಿಯಮ ಇದಲ್ಲ, ಒಂದು ಅಂದಾಜು ಅಷ್ಟೇ. ಬ್ಯಾಂಕಾಕಿನಂಥ ಊರುಗಳು ಇದಕ್ಕೆ ಬಗ್ಗುವುದಿಲ್ಲ. ಅಲ್ಲಿ ಮೊದಲನೆಯ ಊರೇ ಉಳಿದ ಎಲ್ಲವನ್ನೂ ಕುಬ್ಜ ಮಾಡಿಬಿಟ್ಟಿದೆ.

ಭಾರತವನ್ನು ಇಡಿಯಾಗಿ ನೋಡಿದರೆ ಆ ಕಾಯಿಲೆ ಇಲ್ಲ. 2011ರಲ್ಲಿ ಮುಂಬಯಿ 1.84 ಕೋಟಿ, ದೆಹಲಿ 1.63 ಕೋಟಿ, ಕೋಲ್ಕತ್ತ 1.41 ಕೋಟಿ. ಯಾವುದೂ ಇನ್ನೊಂದನ್ನು ನುಂಗಿಲ್ಲ. ರಾಜ್ಯಗಳ ಒಳಗೆ ಹೋದರೆ ಚಿತ್ರ ಬೇರೆ. ಕೇರಳದಲ್ಲಿ ಕೊಚ್ಚಿ, ಕೋಳಿಕ್ಕೋಡ್ ಎರಡೂ 20 ಲಕ್ಷ ದಾಟಿವೆ. ಗುಜರಾತಿನಲ್ಲಿ ಅಹಮದಾಬಾದ್ 63 ಲಕ್ಷ, ಸೂರತ್ 46 ಲಕ್ಷ. ತಮಿಳುನಾಡಿನಲ್ಲಿ ಚೆನ್ನೈ 87 ಲಕ್ಷ ಇದ್ದರೂ ಕೊಯಮತ್ತೂರು 21 ಲಕ್ಷ, ಮದುರೈ 14 ಲಕ್ಷದ ಮೇಲಿವೆ. ಚೆನ್ನೈ, ಬೆಂಗಳೂರು ಹೆಚ್ಚುಕಮ್ಮಿ ಒಂದೇ ಗಾತ್ರ. ಆದರೆ ಅಲ್ಲಿ ಚೆನ್ನೈ ಬೇಡ ಅನ್ನುವವರಿಗೆ ಹೋಗಲು ಒಂದು ದೊಡ್ಡ ಊರಿದೆ.

ಇಲ್ಲಿ ಮೊದಲಿನಿಂದಲೂ ಹೀಗೇ ಇತ್ತಾ? ಇರಲಿಲ್ಲ. 1809ರಲ್ಲಿ ಬ್ರಿಟಿಷರ ದಂಡು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಬಂತು, 1831ರ ನಂತರ ಆಡಳಿತವೂ ಹಿಂದೆಯೇ ಬಂತು, 1898ರ ಪ್ಲೇಗ್ ಊರನ್ನು ಮಲ್ಲೇಶ್ವರ, ಬಸವನಗುಡಿಯ ಕಡೆ ಚದುರಿಸಿತು. ಇಷ್ಟೆಲ್ಲ ಆದಮೇಲೂ 1901ರಲ್ಲಿ ಹಳೇ ಪೇಟೆ, ದಂಡು ಪ್ರದೇಶ (ಕಂಟೋನ್ಮೆಂಟ್) ಎರಡೂ ಸೇರಿ ಬೆಂಗಳೂರಿನ ಜನಸಂಖ್ಯೆ 1.59 ಲಕ್ಷ. ಮೈಸೂರು 68 ಸಾವಿರ, ಹುಬ್ಬಳ್ಳಿ 60 ಸಾವಿರ. ಅಂದರೆ ಎರಡನೆಯದು ಅರ್ಧಕ್ಕೆ ಸ್ವಲ್ಪ ಕಮ್ಮಿ, ಮೂರನೆಯದು ಮೂರನೇ ಒಂದಕ್ಕೆ ಸ್ವಲ್ಪ ಜಾಸ್ತಿ. ಔರ್‌ಬಾಖ್ ನೋಡಿದ್ದರೆ ಖುಷಿಪಡುತ್ತಿದ್ದ. ತಮಾಷೆ ಏನೆಂದರೆ ಆಗ ಈ ಮೂರು ಊರುಗಳು ಒಂದೇ ರಾಜ್ಯದಲ್ಲೂ ಇರಲಿಲ್ಲ.

1956ರ ಏಕೀಕರಣವನ್ನು ನಾವು ಭಾಷೆಯ ಕಣ್ಣಿನಿಂದ ನೋಡುತ್ತೇವೆ. ಊರುಗಳ ಕಣ್ಣಿನಿಂದ ನೋಡುವವರು ಕಮ್ಮಿ. ಧಾರವಾಡ, ಬೆಳಗಾವಿ, ಬಿಜಾಪುರಗಳಿಗೆ ದೊಡ್ಡ ಊರು ಅಂದರೆ ಮುಂಬಯಿ. ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಮುಂಬಯಿಯಲ್ಲೇ ಶುರುವಾಗಿ ಆಮೇಲೆ ಧಾರವಾಡಕ್ಕೆ ಬಂದದ್ದು. ಬೀದರ, ಗುಲ್ಬರ್ಗ, ರಾಯಚೂರು ಹೈದರಾಬಾದ್ ಕಡೆ ನೋಡುತ್ತಿದ್ದವು. ಮಂಗಳೂರಿನ ಸರ್ಕಾರ ಮದ್ರಾಸಿನಲ್ಲಿ, ಹೋಟೆಲ್ ಕೆಲಸ ಮುಂಬಯಿಯಲ್ಲಿ. ಮೂರು ಪ್ರಾಂತಗಳ ಬಾಲಗಳನ್ನು ತಂದು ಒಂದು ತಲೆಗೆ ಕಟ್ಟಿದಂತಾಯಿತು. ಆ ತಲೆಯಲ್ಲಿ ಆಗಲೇ ದೊಡ್ಡ ಸರ್ಕಾರಿ ಕಾರ್ಖಾನೆಗಳಾದ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕೂತಿದ್ದವು. 1941ರಲ್ಲಿ 4 ಲಕ್ಷದಷ್ಟಿದ್ದ ಬೆಂಗಳೂರು 1951ಕ್ಕೆ 7.8 ಲಕ್ಷ ಆಗಿತ್ತು. ಓಟ ಶುರುವಾಗುವ ಮೊದಲೇ ಒಬ್ಬರು ಅರ್ಧ ದಾರಿ ದಾಟಿದ್ದರು.

ಆದರೆ ನಿಜವಾದ ತಿರುವು ಬಂದದ್ದು 1970ರ ದಶಕದಲ್ಲಿ. ಇದನ್ನು ಯಾರೂ ಹೇಳುವುದಿಲ್ಲ. ಬೆಂಗಳೂರು ಉಬ್ಬಿದ್ದು ಐಟಿಯಿಂದ ಅನ್ನೋದು ಎಲ್ಲರ ಬಾಯಲ್ಲಿರುವ ಮಾತು. ಅಂಕಿ ಹಾಗೆ ಹೇಳುವುದಿಲ್ಲ. 1971ರಲ್ಲಿ 16.6 ಲಕ್ಷ ಇದ್ದ ಊರು 1981ಕ್ಕೆ 29 ಲಕ್ಷ ದಾಟಿತು. ಹತ್ತು ವರ್ಷಕ್ಕೆ ಶೇ. 75ಕ್ಕಿಂತ ಜಾಸ್ತಿ. ಆಮೇಲಿನ ಯಾವ ದಶಕವೂ, ಐಟಿಯ ಭರಾಟೆಯ ದಶಕ ಕೂಡ, ಆ ವೇಗ ಮುಟ್ಟಿಲ್ಲ. ಎಣಿಕೆಯ ಗಡಿಯೊಳಗೆ ಅಕ್ಕಪಕ್ಕದ ಹಳ್ಳಿಗಳು ಬಂದದ್ದೂ ಒಂದು ಕಾರಣ, ನಿಜ. ಆದರೆ ಗಡಿ ಹಿಗ್ಗಿದ್ದೇ ಜನ ಹಿಗ್ಗಿದ್ದಕ್ಕೆ ಅಲ್ವಾ?

ಆ ಹತ್ತು ವರ್ಷದಲ್ಲಿ ಏನೇನು ಆಯಿತು? ದೊಡ್ಡ ಸರ್ಕಾರಿ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಶೆಡ್‌ಗಳು ಪೀಣ್ಯದಲ್ಲಿ ತುಂಬಿದವು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಂತು, ಲೇಔಟ್‌ಗಳು ಬಂದವು. ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮದ (ಕಿಯೋನಿಕ್ಸ್) ಮುಖ್ಯಸ್ಥ ಆರ್. ಕೆ. ಬಾಳಿಗ ಅವರ ಕನಸಾಗಿದ್ದ ಎಲೆಕ್ಟ್ರಾನಿಕ್ ಸಿಟಿಗೆ ಕೋಣಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಕೆಲಸ ಶುರುವಾಯಿತು. ಇದೆಲ್ಲಕ್ಕಿಂತ ದೊಡ್ಡದು ನೀರು. ಅಲ್ಲಿಯವರೆಗೆ ಬೆಂಗಳೂರು ಕುಡಿಯುತ್ತಿದ್ದದ್ದು ಅರ್ಕಾವತಿಯ ನೀರು, ಹೆಸರಘಟ್ಟ ಮತ್ತು ತಿಪ್ಪಗೊಂಡನಹಳ್ಳಿಯಿಂದ. ಪುಟ್ಟ ನದಿ, ಅದರ ನೀರಿಗೊಂದು ಮಿತಿ, ಹಾಗಾಗಿ ಊರಿಗೂ ಒಂದು ಮಿತಿ. 1974ರಲ್ಲಿ ಕಾವೇರಿ ಮೊದಲ ಹಂತ ಬಂತು. ಸುಮಾರು 100 ಕಿಲೋಮೀಟರ್ ದೂರದಿಂದ, ನೂರಾರು ಮೀಟರ್ ಮೇಲಕ್ಕೆ ನೀರೆತ್ತಿ ತರುವ ಕೆಲಸ. ಮಿತಿ ಅವತ್ತೇ ಮುರಿಯಿತು. ಅಲ್ಲಿಂದ ಮುಂದೆ ಪ್ರತಿ ಹಂತವೂ ಬಂದಿರುವ ಜನರ ದಾಹ ತೀರಿಸಿತು, ಬರಲಿರುವವರನ್ನು ಕರೆಯಿತು. ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಗಿದೆ.

ಅದೇ ದಶಕದಲ್ಲಿ ಹುಬ್ಬಳ್ಳಿ-ಧಾರವಾಡ 3.8 ಲಕ್ಷದಿಂದ 5.3 ಲಕ್ಷಕ್ಕೆ ಹೋಯಿತು. ಕೆಟ್ಟ ಬೆಳವಣಿಗೆ ಏನಲ್ಲ. ಆದರೂ ಅಂತರ ಹಿಗ್ಗಿತು. 1971ರಲ್ಲಿ ಬೆಂಗಳೂರು ಅದರ ನಾಲ್ಕೂವರೆ ಪಟ್ಟು ಇತ್ತು, 1981ಕ್ಕೆ ಐದೂವರೆ ಪಟ್ಟು. ಇದು ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬರುವುದಕ್ಕೂ ಮೊದಲಿನ ಮಾತು. ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಉದಾರೀಕರಣ, ಸಾಫ್ಟ್‌ವೇರ್, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ. ಐದೂವರೆ ಒಂಬತ್ತಾಯಿತು.

ಅಸಮಾಧಾನಕ್ಕೆ ಉತ್ತರ ಕೊಡುವ ಪ್ರಯತ್ನ ನಡೆದಿಲ್ಲ ಅಂತಲ್ಲ. 2002ರ ನಂಜುಂಡಪ್ಪ ಸಮಿತಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಅಳೆದು ಹೇಳಿತು. ಹೋರಾಟದ ನಂತರ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ 2003ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾಯಿತು. 2008ರಲ್ಲಿ ಧಾರವಾಡ, ಕಲಬುರಗಿಗೆ ಹೈಕೋರ್ಟ್ ಪೀಠ, 2012ರಲ್ಲಿ ಬೆಳಗಾವಿಗೆ ಸುವರ್ಣ ವಿಧಾನಸೌಧ, ಆಮೇಲೆ ಕಲ್ಯಾಣ ಕರ್ನಾಟಕಕ್ಕೆ 371ಜೆ. ಈಚೆಗೆ ಉದ್ದಿಮೆಗಳನ್ನು ಬೇರೆ ಊರುಗಳಿಗೂ ಒಯ್ಯುವ ಸರ್ಕಾರದ ಕಾರ್ಯಕ್ರಮ 'ಬಿಯಾಂಡ್ ಬೆಂಗಳೂರು'.

ಪಟ್ಟಿ ಉದ್ದವಿದೆ. ಆದರೆ ಗಮನಿಸಿ. ನಂಜುಂಡಪ್ಪ ವರದಿ ಅಳೆದದ್ದು ತಾಲ್ಲೂಕನ್ನು, ನಗರವನ್ನಲ್ಲ. 371ಜೆ ಓದಿನಲ್ಲಿ, ನೌಕರಿಯಲ್ಲಿ ಪಾಲು ಕೊಟ್ಟಿತು. ಇವೆರಡೂ ಬೇಕಾದವೇ. ಆದರೆ 30–40 ಲಕ್ಷ ಜನರ ಇನ್ನೊಂದು ಊರು ಈ ರಾಜ್ಯದಲ್ಲಿ ಹೇಗೆ ಹುಟ್ಟೀತು ಅನ್ನೋದು ಇವುಗಳ ಪ್ರಶ್ನೆಯೇ ಆಗಿರಲಿಲ್ಲ. ಕೋರ್ಟು ಒಂದು ಊರಿಗೆ, ಸೌಧ ಇನ್ನೊಂದಕ್ಕೆ, ರೈಲ್ವೆ ಮತ್ತೊಂದಕ್ಕೆ ಅಂತ ಹಂಚಿದರೆ ಎಲ್ಲರಿಗೂ ಸಮಾಧಾನ. ಹೀಗೆ ಹಂಚಿದ್ದರಿಂದ ಯಾವ ಊರಿಗೂ ಸಾಕಷ್ಟು ತೂಕ ಬರಲಿಲ್ಲ. ಬೆಂಗಳೂರಿಗೆ ಮಾತ್ರ ಮೆಟ್ರೊ, ರಿಂಗ್ ರೋಡು, ನೀರು ಒಂದರ ಮೇಲೊಂದು ಬಂದವು. ಜನ ಇರುವಲ್ಲಿಗೆ ಸೌಲಭ್ಯ ಬೇಡ ಅನ್ನಲಾದೀತೇ? ಪ್ರತಿ ತೀರ್ಮಾನವೂ ಆ ಹೊತ್ತಿಗೆ ಸರಿಯಾಗಿಯೇ ಕಾಣುತ್ತದೆ. ಬಿಯಾಂಡ್ ಬೆಂಗಳೂರು ಅಂದರೂ ಎಷ್ಟೋ ಉದ್ದಿಮೆಗಳಿಗೆ ಅದು ನೆಲಮಂಗಲದ ಆಚೆ ಹೋಗುವುದಿಲ್ಲ.

2021ರ ಜನಗಣತಿ ನಡೆಯಲೇ ಇಲ್ಲ. 2027ರ ಎಣಿಕೆ ಬರುವವರೆಗೆ ಹುಬ್ಬಳ್ಳಿ-ಮೈಸೂರಿನ ಪಂದ್ಯ ಹಳೇ ಅಂಕಿಯಲ್ಲೇ ಮುಂದುವರಿಯುತ್ತದೆ. ಈ ನಡುವೆ 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರನ್ನು ಐದು ಪಾಲಿಕೆಗಳಾಗಿ ಒಡೆದರು. 2011ರ ಅಂಕಿಯನ್ನೇ ಹಿಡಿದು ಸುಮ್ನೆ ಐದರಿಂದ ಭಾಗಿಸಿ ನೋಡಿ. ಒಂದೊಂದು ಪಾಲಿಗೆ ಸರಾಸರಿ 17 ಲಕ್ಷ ಬರುತ್ತದೆ. ರಾಜ್ಯದಲ್ಲಿ ಬೆಂಗಳೂರಿನ ಹೊರಗೆ ಅಷ್ಟು ದೊಡ್ಡ ಊರು ಒಂದೂ ಇರಲಿಲ್ಲ.